ಹೊಸ ಹೆಬ್ಬೆಟ್ಟು

ಕಳೆದ ತಿಂಗಳು ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಪಕ್ಷದ ಸಭೆ ಸೇರಿತ್ತು. ನಾಲೆಯ ನೀರು, ಭತ್ತದ ಖರೀದಿ, ಮಹಿಳಾ ಸಂಘಗಳ ಸಾಲ, ಇವು ಅಂದಿನ ವಿಷಯಗಳು. ಸಭೆ ಮುಗಿದು ಜಮಖಾನೆ ಸುತ್ತುವ ಹೊತ್ತಿಗೆ ಒಬ್ಬ ತಾಯಿ ಬಂದು ನಿಂತರು. "ಮೇಷ್ಟ್ರೇ, ಇಷ್ಟೊತ್ತು ನೀರಿನ ವಿಚಾರ ಆಡುದ್ರಿ. ನಮ್ಮನೆ ವಿಚಾರ ಒಂದದೆ, ಕೇಳೀರಾ?" ಎಂದರು.

ಅವರ ಮಗಳು ಎರಡನೆಯ ಪಿ.ಯು.ಸಿ. ಓದುವ ಹುಡುಗಿ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಗೆಳತಿಯರೊಡನೆ ನಿಂತು ತೆಗೆಸಿಕೊಂಡ ಚಿತ್ರದಿಂದ ಆಕೆಯ ಮುಖವನ್ನಷ್ಟೇ ಕಿತ್ತು, ಯಾವನೋ ಒಬ್ಬ ಅದಕ್ಕೆ ಬೆತ್ತಲೆ ಮೈಯನ್ನು ಅಂಟಿಸಿದ. ಕೈಯಿಂದ ಅಂಟಿಸಲಿಲ್ಲ. ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಎಐ ಯಂತ್ರಕ್ಕೆ ಅಪ್ಪಣೆ ಕೊಟ್ಟ, ಅದು ಕ್ಷಣಮಾತ್ರದಲ್ಲಿ ಮಾಡಿಕೊಟ್ಟಿತು. ಹತ್ತು ಸಾವಿರ ರೂಪಾಯಿ ಕೊಡದಿದ್ದರೆ ಊರಿನ ಎಲ್ಲ ಗುಂಪುಗಳಿಗೂ ಕಳಿಸುವೆನೆಂದು ಹೆದರಿಸಿದ. ಹುಡುಗಿ ಮೂರು ದಿನ ಅನ್ನ ಬಿಟ್ಟಳು. ನಾಲ್ಕನೆಯ ದಿನ ವಿಷಯ ತಂದೆಗೆ ತಿಳಿಯಿತು. ಆತ ಮೊದಲು ಮಗಳ ಕೈಯಿಂದ ಫೋನು ಕಿತ್ತುಕೊಂಡ, ಆಮೇಲೆ ಕಾಲೇಜು ಬಿಡಿಸಿದ. ಚಿತ್ರ ಮಾಡಿದವನು ಇಂದಿಗೂ ಎಲ್ಲಿಯೋ ಆರಾಮವಾಗಿ ಓಡಾಡಿಕೊಂಡಿದ್ದಾನೆ. "ನನ್ನ ಮಗಳು ಏನ್ ತಪ್ಪು ಮಾಡುದ್ಲು ಮೇಷ್ಟ್ರೇ?" ಎಂದು ಆ ತಾಯಿ ಕೇಳಿದರು.

ಈ ಪ್ರಶ್ನೆಗೆ ಉತ್ತರ ಹೇಳದೆ ಈ ವಾರದ ಪತ್ರಿಕೆಯನ್ನು ಅಚ್ಚಿಗೆ ಕಳಿಸುವುದು ನಮಗೆ ಸಾಧ್ಯವಾಗಲಿಲ್ಲ.

ನಮ್ಮ ತಾತಂದಿರ ಕಾಲದಲ್ಲಿ ಸಾಹುಕಾರನು ಖಾಲಿ ಕಾಗದವನ್ನು ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ. ಒತ್ತಿದವನು ಇಪ್ಪತ್ತು ರೂಪಾಯಿ ತೆಗೆದುಕೊಂಡು ಮನೆಗೆ ಹೋಗುತ್ತಿದ್ದ. ಆಮೇಲೆ ಆ ಕಾಗದದ ಮೇಲೆ ಇನ್ನೂರು ಎಂದು ಬರೆಯಲಾಗುತ್ತಿತ್ತು, ಇಲ್ಲವೇ ಅದು ಎರಡು ಎಕರೆ ಗದ್ದೆಯ ಕ್ರಯಪತ್ರವೇ ಆಗಿಬಿಡುತ್ತಿತ್ತು. ಹೆಬ್ಬೆಟ್ಟು ನಿಜ, ಅದರ ಮೇಲಿನ ಬರಹ ಸುಳ್ಳು. ಇಂದು ನಮ್ಮ ಮುಖ ಮತ್ತು ದನಿಗಳೇ ಖಾಲಿ ಕಾಗದದ ಮೇಲಿನ ಹೆಬ್ಬೆಟ್ಟುಗಳಾಗಿವೆ. ಮುಖ ನಿಜವಾಗಿಯೂ ನಮ್ಮ ಮಗಳದೇ, ದನಿ ನಿಜವಾಗಿಯೂ ನಮ್ಮ ಮಗನದೇ. ಅವುಗಳ ಮೇಲೆ ಬರೆದಿರುವುದು ಮಾತ್ರ ಕಳ್ಳನ ಬರಹ.

ಈ ಯಂತ್ರದಲ್ಲಿ ಮಾಟ ಮಂತ್ರವೇನೂ ಇಲ್ಲ. ಕೋಟ್ಯಂತರ ಚಿತ್ರಗಳನ್ನೂ ದನಿಗಳನ್ನೂ ಬರಹಗಳನ್ನೂ ಗಣಕಯಂತ್ರಕ್ಕೆ ಉಣಿಸಿ, ಮುಖ ಹೇಗಿರುತ್ತದೆ, ಮಾತು ಹೇಗೆ ಏರಿಳಿಯುತ್ತದೆ ಎಂಬ ಲೆಕ್ಕವನ್ನು ಅದಕ್ಕೆ ಕಲಿಸಲಾಗಿದೆ. ಹಾಗೆ ಕಲಿತ ಯಂತ್ರಕ್ಕೆ ಒಬ್ಬ ಮನುಷ್ಯನ ಸಣ್ಣ ಮಾದರಿ ದೊರೆತರೆ ಸಾಕು, ಅವನು ಎಂದೂ ಆಡದ ಮಾತನ್ನು ಅವನ ದನಿಯಲ್ಲಿಯೇ ಆಡಿಸಿ ತೋರಿಸುತ್ತದೆ. ಅಮೆರಿಕದ ಮೈಕ್ರೋಸಾಫ್ಟ್ ಕಂಪನಿಯ ಸಂಶೋಧಕರು 2023ರ ಜನವರಿಯಲ್ಲಿ ಪ್ರಕಟಿಸಿದ ವಿಧಾನಕ್ಕೆ ಬೇಕಾದುದು ಕೇವಲ ಮೂರು ಸೆಕೆಂಡಿನ ದನಿ. "ಹಲೋ, ಯಾರು ಮಾತಾಡೋದು? ಏನು ಬೇಕಿತ್ತು?" ಎಂದು ಕೇಳುವಷ್ಟರಲ್ಲಿ ಆ ಮೂರು ಸೆಕೆಂಡು ಮುಗಿದಿರುತ್ತದೆ.

ಈ ಕಳ್ಳತನದಲ್ಲಿ ಮೂರು ಬಗೆಯ ವ್ಯಾಪಾರಗಳು ನಡೆಯುತ್ತಿವೆ. ಒಂದು ಹಣದ್ದು, ಇನ್ನೊಂದು ಮಾನದ್ದು, ಮತ್ತೊಂದು ದ್ವೇಷದ್ದು.

ಹಣದ ವ್ಯಾಪಾರವನ್ನು ಮೊದಲು ನೋಡೋಣ. ಮೈಸೂರಿನಲ್ಲಿಯೇ ಎಂಜಿನಿಯರಿಂಗ್ ಓದಿದ ಇನ್ಫೋಸಿಸ್ ನಾರಾಯಣಮೂರ್ತಿಯವರ ಮುಖ ಮತ್ತು ದನಿಯನ್ನು ಕದ್ದು, ಹಣ ತೊಡಗಿಸಿದರೆ ದುಪ್ಪಟ್ಟು ಲಾಭವೆಂದು ಅವರೇ ಹೇಳಿದಂತೆ ತೋರಿಸುವ ಸುಳ್ಳು ವಿಡಿಯೋಗಳು ಹರಿದಾಡಿದವು. ಅವು ತಮ್ಮವಲ್ಲವೆಂದು 2023ರ ಡಿಸೆಂಬರಿನಲ್ಲಿ ಅವರೇ ಸಾರಿ ಹೇಳಬೇಕಾಯಿತು. ಆದರೂ ಮರುವರ್ಷ ಇಂಥವನ್ನು ನಂಬಿ ಬೆಂಗಳೂರಿನವರು ಲಕ್ಷಾಂತರ ರೂಪಾಯಿ ಕಳೆದುಕೊಂಡರು. ಅವರೇನು ಓದು ಬರಹವಿಲ್ಲದವರಲ್ಲ. 2024ರ ಒಂದು ವರ್ಷದಲ್ಲಿಯೇ ದೇಶದ ಜನ ಸೈಬರ್ ವಂಚಕರ ಪಾಲು ಮಾಡಿದ ಹಣ 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಪಾರ್ಲಿಮೆಂಟಿಗೆ ಲೆಕ್ಕ ಕೊಟ್ಟಿದೆ. ಅದರ ಹಿಂದಿನ ವರ್ಷ ಇದು 7,465 ಕೋಟಿ. ಇದೆಲ್ಲವೂ ಎಐ ಯಂತ್ರದಿಂದಲೇ ಆದ ನಷ್ಟವಲ್ಲ. ಆದರೆ ಕಳ್ಳನಿಗೆ ಈಗ ಹೊಸ ಕನ್ನಗತ್ತರಿ ಸಿಕ್ಕಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ರಾತ್ರಿ ಪಾಳಿ ಮಾಡುವ ಕಾರ್ಮಿಕನ ತಾಯಿಗೆ "ಅವ್ವ, ಆಕ್ಸಿಡೆಂಟಾಗದೆ, ಈ ನಂಬರಿಗೆ ದುಡ್ಡು ಹಾಕು" ಎಂದು ಮಗನ ದನಿಯಲ್ಲಿಯೇ ಕರೆ ಬಂದರೆ, ಆಕೆ ಪರೀಕ್ಷೆ ಮಾಡಲು ಕೂರುವಳೇ? ಹೆತ್ತ ಕರುಳು ಓಡಿಹೋಗಿ ದುಡ್ಡು ಹಾಕುತ್ತದೆ. ವಂಚಕನು ನಂಬಿರುವುದು ಅವಳ ದಡ್ಡತನವನ್ನಲ್ಲ, ಅವಳ ಮಮತೆಯನ್ನು.

ಎರಡನೆಯದು ಮಾನದ ವ್ಯಾಪಾರ. ಕೊಡಗಿನ ವಿರಾಜಪೇಟೆಯ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಹೆಣ್ಣುಮಗಳ ವಿಡಿಯೋಗೆ ಅಂಟಿಸಿ 2023ರ ನವೆಂಬರಿನಲ್ಲಿ ದೇಶಕ್ಕೆಲ್ಲ ಹಂಚಲಾಯಿತು. ಆಕೆ ಹೆಸರಾದ ನಟಿ. ದೇಶದ ಪತ್ರಿಕೆಗಳು ಬರೆದವು, ದೆಹಲಿಯ ಪೊಲೀಸರು ತನಿಖೆ ನಡೆಸಿ 2024ರ ಜನವರಿಯಲ್ಲಿ ಆಂಧ್ರದಲ್ಲಿ ಒಬ್ಬನನ್ನು ಹಿಡಿದರು. ನಮ್ಮ ಹೋಬಳಿಯ ಹುಡುಗಿಗೆ ಯಾವ ಪತ್ರಿಕೆ? ಯಾವ ದೆಹಲಿ? ಬಡವರ ಮಾನಕ್ಕೆ ಕನ್ನ ಹಾಕುವ ಈ ವಿದ್ಯೆ ಸಾಲದ ಆ್ಯಪುಗಳವರಿಗೆ ಮೊದಲಿನಿಂದಲೂ ತಿಳಿದಿದೆ. ಕಂತು ತಪ್ಪಿದವರ ಚಿತ್ರವನ್ನು ಅಶ್ಲೀಲವಾಗಿ ತಿರುಚಿ ನೆಂಟರಿಷ್ಟರಿಗೆಲ್ಲ ಕಳಿಸಿ ಹಣ ಕಕ್ಕಿಸುವುದು ಅವರ ವಸೂಲಿಯ ರೀತಿ. 2025ರ ಜನವರಿಯಲ್ಲಿ ಮೈಕ್ರೋ ಫೈನಾನ್ಸ್ ವಸೂಲಿಗಾರರ ಕಾಟಕ್ಕೆ ನಂಜನಗೂಡು ತಾಲ್ಲೂಕಿನ ಮತ್ತು ನೆರೆಯ ಚಾಮರಾಜನಗರ ಜಿಲ್ಲೆಯ ಸಂಸಾರಗಳು ಮನೆಗೆ ಬೀಗ ಹಾಕಿಕೊಂಡು ಊರು ಬಿಟ್ಟುದನ್ನು ಓದುಗರು ಮರೆತಿರಲಾರರು. ಮುಂದಿನ ತಿಂಗಳೇ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಾಗಿಲ ಮುಂದೆ ನಿಂತು ಕೂಗಾಡುವ ವಸೂಲಿಗಾರನಿಗೇ ಹೆದರಿ ಊರು ಬಿಡುವ ಜನ, ಮಗಳ ಬೆತ್ತಲೆ ಚಿತ್ರ ತೋರಿಸಿ ಹೆದರಿಸುವವನ ಮುಂದೆ ಏನಾದಾರು?

ಮೂರನೆಯದು ದ್ವೇಷದ ವ್ಯಾಪಾರ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸಾಪ್ ಗಾಳಿಸುದ್ದಿಗೆ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಒಬ್ಬ ಯುವಕನನ್ನೂ, ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಒಬ್ಬ ಎಂಜಿನಿಯರನ್ನೂ ಜನರ ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ದೇಶದಲ್ಲೆಲ್ಲ ಹರಿದಾಡಿದ ಒಂದು ವಿಡಿಯೋ, ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ರಕ್ಷಣೆಗಾಗಿ ತಯಾರಾದ ತಿಳಿವಳಿಕೆಯ ಚಿತ್ರ. ಅದರ ಕೊನೆಯನ್ನು ಕತ್ತರಿಸಿ ಹಾಕಿದ್ದರು, ಅಷ್ಟೆ. ಮೈಸೂರಿನ ಉದಯಗಿರಿ ಪೊಲೀಸ್ ಠಾಣೆಯ ಮೇಲೆ 2025ರ ಫೆಬ್ರುವರಿ 10ರ ರಾತ್ರಿ ಕಲ್ಲು ಬಿದ್ದುದೂ ಒಂದು ಅವಹೇಳನಕರ ಚಿತ್ರದ ಕಾರಣದಿಂದಲೇ. ಬರಿಯ ಕತ್ತರಿ ಇಷ್ಟು ಮಾಡಿದರೆ, ಇಲ್ಲದ ಘಟನೆಯನ್ನು ಕಣ್ಣಿಗೆ ಕಟ್ಟಿದಂತೆ ಸೃಷ್ಟಿಸುವ ಯಂತ್ರ ಏನು ಮಾಡದು? ಕುಂಭಮೇಳಕ್ಕೆ ಲಕ್ಷ ಜನ ಸೇರುವ ನಮ್ಮ ತ್ರಿವೇಣಿ ಸಂಗಮದಲ್ಲಿ, ನಂಜುಂಡೇಶ್ವರನ ದೊಡ್ಡ ಜಾತ್ರೆಯ ನೂಕುನುಗ್ಗಲಿನಲ್ಲಿ, ಅಂಥ ಒಂದು ವಿಡಿಯೋ ಕೈಯಿಂದ ಕೈಗೆ ಹೋದರೆ ಏನಾದೀತೆಂಬುದನ್ನು ಜಿಲ್ಲಾ ಆಡಳಿತ ಈಗಲೇ ಯೋಚಿಸಬೇಕು.

ಹಾಗೆಂದು ಯಂತ್ರವೇ ನಮ್ಮ ಶತ್ರುವೆಂದು ನಾವು ಹೇಳುತ್ತಿಲ್ಲ. ಸಮಾಜವಾದಿಗಳು ಯಂತ್ರದ ದ್ವೇಷಿಗಳಲ್ಲ. ಯಂತ್ರ ಯಾರ ಕೈಯಲ್ಲಿದೆ, ಯಾರ ಲಾಭಕ್ಕೆ ತಿರುಗುತ್ತಿದೆ ಎಂದು ಕೇಳುವವರು. ಅಕ್ಷರ ಬಾರದ ರೈತ ಕನ್ನಡದಲ್ಲಿಯೇ ಮಾತಾಡಿ ಗೂಡಿನ ಧಾರಣೆ ಕೇಳುವಂತಾದರೆ, ಕಣ್ಣು ಕಾಣದವರಿಗೆ ಪುಸ್ತಕವನ್ನು ಓದಿ ಹೇಳುವಂತಾದರೆ, ಆ ಯಂತ್ರಕ್ಕೆ ನಮ್ಮ ಸ್ವಾಗತವಿದೆ. ಆದರೆ ಅದರ ಒಡೆಯರು ಮಾಡುತ್ತಿರುವುದೇನು? ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರಕ್ಕೂ ಒಡೆಯನಾದ ಮೆಟಾ ಕಂಪನಿ, ತನ್ನ 2024ರ ಆದಾಯದಲ್ಲಿ ಹತ್ತರಲ್ಲೊಂದು ಪಾಲು ವಂಚಕರ ಹಾಗೂ ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುವುದೆಂದು ತಾನೇ ಅಂದಾಜು ಮಾಡಿಕೊಂಡಿತ್ತೆಂದು ರಾಯಿಟರ್ಸ್ ಸುದ್ದಿಸಂಸ್ಥೆ ಕಂಪನಿಯ ಒಳಕಾಗದಗಳನ್ನು ಹಿಡಿದು 2025ರ ನವೆಂಬರಿನಲ್ಲಿ ಬಯಲಿಗೆಳೆಯಿತು. ಅಂದಾಜು ಹೆಚ್ಚಾಯಿತೆಂದು ಕಂಪನಿ ಸಮಜಾಯಿಷಿ ಕೊಟ್ಟಿತು. ಎಕ್ಸ್ ಎಂಬ ಜಾಲತಾಣದ ಗ್ರೋಕ್ ಯಂತ್ರವಂತೂ, ಹೆಂಗಸರ ಚಿತ್ರ ಕೊಟ್ಟು ಬಟ್ಟೆ ಕಳಚೆಂದರೆ ಕಳಚಿ ತೋರಿಸುತ್ತಿತ್ತು. 2026ರ ಜನವರಿಯಲ್ಲಿ ನಮ್ಮ ಕೇಂದ್ರ ಸರ್ಕಾರ ನೋಟೀಸು ಕೊಟ್ಟಿತು, ಇಂಡೋನೇಷ್ಯಾ ಮತ್ತು ಮಲೇಷ್ಯಾಗಳು ಅದನ್ನು ತಾತ್ಕಾಲಿಕವಾಗಿ ತಡೆದೇಬಿಟ್ಟವು. ಆಗ ಒಡೆಯರು ಮೊದಲು ಮಾಡಿದ್ದೇನು ಗೊತ್ತೇ? ಚಿತ್ರ ಮಾಡುವ ಆ ಸೌಕರ್ಯವನ್ನು ಹಣ ತೆತ್ತವರಿಗೆ ಮಾತ್ರವೆಂದು ಮಿತಿಗೊಳಿಸಿದರು! ಲೋಕವೆಲ್ಲ ಛೀಮಾರಿ ಹಾಕಿದ ಮೇಲೆ ಇನ್ನಷ್ಟು ಕಟ್ಟುಪಾಡು ಬಂದಿತು. ಹೆಣ್ಣಿನ ಮಾನಕ್ಕೂ ಟಿಕೆಟ್ಟು ಹಚ್ಚುವ ಬಂಡವಾಳಶಾಹಿಯ ಬುದ್ಧಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ನಮ್ಮ ಮನೆಗಳ ಒಳಗಿನ ಮಾತು. ಇದನ್ನು ಬರೆಯುವುದು ಸ್ವಲ್ಪ ಕಷ್ಟ, ಆದರೂ ಬರೆಯಲೇಬೇಕು. ಆ ಹುಡುಗಿಯನ್ನು ಹೆದರಿಸಿದವನ ಬಳಿ ಇದ್ದ ಬಂಡವಾಳವೆಂದರೆ ನಮ್ಮ ನಾಚಿಕೆ. ಯಂತ್ರ ಬಿಟ್ಟಿಯಾಗಿ ಸಿಕ್ಕಿತು, ಮುಖ ಕದ್ದದ್ದು. ಅದಕ್ಕೆ ಹತ್ತು ಸಾವಿರದ ಬೆಲೆ ಕಟ್ಟಿಕೊಟ್ಟದ್ದು "ಊರವರು ಏನಂದಾರು?" ಎಂಬ ನಮ್ಮ ಭಯ. ಮಗಳು ಮೂರು ದಿನ ಬಾಯಿ ಬಿಡದಿದ್ದುದೇಕೆ? ಹೇಳಿದರೆ ಏಟು ತನಗೇ ಬೀಳುವುದೆಂದು ಆಕೆಗೆ ಗೊತ್ತಿತ್ತು. ಅವಳ ಎಣಿಕೆ ತಪ್ಪಾಗಲಿಲ್ಲ. ಮನೆಯ ಬೆಳ್ಳಿ ಚೊಂಬು ಕಳುವಾದರೆ ಕಳ್ಳನನ್ನು ಹುಡುಕುತ್ತೇವೆ, ಚೊಂಬನ್ನು ದಂಡಿಸುವುದಿಲ್ಲ. ಮಗಳ ಮುಖ ಕಳುವಾದರೆ ಮಾತ್ರ ಮಗಳನ್ನೇ ಒಳಗೆ ಕೂಡುತ್ತೇವೆ. ಹುಡುಗಿಯ ಓದು ನಿಂತ ದಿನ ಆ ಕಳ್ಳನು ಹತ್ತು ಸಾವಿರ ಸಿಗದೆಯೂ ಗೆದ್ದ. ಆದುದರಿಂದ ಸಂಸಾರದ ರಕ್ಷಣೆ ಎಂದರೆ ಹೆಣ್ಣುಮಕ್ಕಳ ಫೋನು ಕಸಿಯುವುದಲ್ಲ. "ಏನೇ ಆಗಲಿ ಮೊದಲು ಅಪ್ಪನಿಗೆ ಹೇಳೋಣ" ಎಂಬ ಧೈರ್ಯ ಮಕ್ಕಳಿಗೆ ಬರುವಂತೆ ಅಪ್ಪಂದಿರು ನಡೆದುಕೊಳ್ಳುವುದು. ಇದು ನಮ್ಮ ಖಚಿತ ಅಭಿಪ್ರಾಯ.

ಪ್ರತಿಯೊಂದು ಮನೆಯಲ್ಲಿಯೂ ಇಂದು ರಾತ್ರಿ ಊಟಕ್ಕೆ ಕೂತಾಗ ಮಾಡಿಕೊಳ್ಳಬಹುದಾದ ಕೆಲವು ಕಟ್ಟಳೆಗಳಿವೆ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಗೊತ್ತುಮಾಡಿಕೊಳ್ಳಿ. ಹಸುವಿನ ಹೆಸರಾದರೂ ಸರಿ, ಹೊಲದ ಹೆಸರಾದರೂ ಸರಿ. ಹಣ ಕೇಳುವ ಕರೆ ಯಾರ ದನಿಯಲ್ಲಿ ಬಂದರೂ ಆ ಮಾತನ್ನು ಕೇಳಿ. ಅನುಮಾನವಾದರೆ ಕರೆಯನ್ನು ಕತ್ತರಿಸಿ, ನಿಮ್ಮ ಬಳಿ ಮೊದಲಿನಿಂದ ಇರುವ ನಂಬರಿಗೆ ನೀವೇ ತಿರುಗಿ ಫೋನು ಮಾಡಿ. ಪೊಲೀಸರೆಂದೂ ಸಿಬಿಐ ಎಂದೂ ಹೇಳಿಕೊಂಡು ವಿಡಿಯೋ ಕರೆಯಲ್ಲಿಯೇ ಬಂಧಿಸಿದ್ದೇವೆ ಎನ್ನುವವರನ್ನು ನಂಬಬೇಡಿ. "ಡಿಜಿಟಲ್ ಅರೆಸ್ಟ್" ಎಂಬುದು ನಮ್ಮ ದೇಶದ ಯಾವ ಕಾನೂನಿನಲ್ಲಿಯೂ ಇಲ್ಲ. ಹಣ ಹೋದರೆ ಅಳುತ್ತಾ ಕೂರದೆ ಕೂಡಲೇ 1930ಕ್ಕೆ ಫೋನು ಮಾಡಿ. ಕಳ್ಳನು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟಿಸುವ ಮೊದಲು ದೂರು ತಲುಪಿದರೆ ತಡೆಹಿಡಿಯಲು ಸಾಧ್ಯವಿದೆ. ಗಂಟೆ ಕಳೆದಷ್ಟೂ ಆಸೆ ಕಡಿಮೆ. ಚಿತ್ರ ತೋರಿಸಿ ಹೆದರಿಸುವವನಿಗೆ ಒಂದು ಕಾಸನ್ನೂ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಅವನು ಮತ್ತೆ ಬಿಡುವುದಿಲ್ಲ. ನಾಚಿಕೆಯಿಂದ ಸಂದೇಶಗಳನ್ನು ಅಳಿಸಿಹಾಕಬೇಡಿ, ಅವೇ ಸಾಕ್ಷ್ಯ. ಕೊನೆಯದಾಗಿ, ಇನ್ನೊಬ್ಬರ ಮನೆಯ ಮಗಳ ಅಂಥ ಚಿತ್ರ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ದಾಟಿಸಬೇಡಿ. ದಾಟಿಸಿದವನೂ ಕಳ್ಳನ ಜೊತೆಗಾರನೇ, ಕಾನೂನಿನ ಕಣ್ಣಿಗೂ.

ಕಾನೂನು ಇಲ್ಲವೆಂದಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮಿನಂತೆ ಇನ್ನೊಬ್ಬರ ವೇಷ ಹಾಕಿ ಮೋಸ ಮಾಡಿದವನಿಗೆ ಮೂರು ವರ್ಷದವರೆಗೆ ಸಜೆಯಿದೆ. 67ಎ ಕಲಮಿನಂತೆ ಲೈಂಗಿಕ ಕ್ರಿಯೆಯ ಚಿತ್ರ ಹಂಚಿದವನಿಗೆ ಮೊದಲ ತಪ್ಪಿಗೇ ಐದು ವರ್ಷದವರೆಗೆ ಸಜೆ ಮತ್ತು ಹತ್ತು ಲಕ್ಷದವರೆಗೆ ದಂಡವಿದೆ. ಮಕ್ಕಳ ಚಿತ್ರವಾದರೆ 67ಬಿ ಕಲಮಿದೆ, 2012ರ ಪೋಕ್ಸೋ ಕಾಯ್ದೆಯಿದೆ. 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ನಿಯಮಗಳಂತೆ, ಯಂತ್ರದಿಂದ ತಯಾರಾದ ಚಿತ್ರ ಮತ್ತು ದನಿಗಳಿಗೆ ಕಂಪನಿಗಳು ಗುರುತುಚೀಟಿ ಹಚ್ಚಬೇಕು. ಬೆತ್ತಲೆ ಚಿತ್ರ ಅಥವಾ ತಿರುಚಿದ ಚಿತ್ರದ ಬಗ್ಗೆ ನೊಂದವರು ದೂರಿತ್ತರೆ ಎರಡು ಗಂಟೆಯೊಳಗೆ ತೆಗೆದುಹಾಕಬೇಕು. ಒಳ್ಳೆಯದೇ. ಆದರೆ ದೂರು ಕೊಡುವ ಬಗೆಯನ್ನು ಕಬ್ಬು ಕಡಿಯುವ ತಂದೆಗೆ, ಬೀಡಿ ಕಟ್ಟುವ ತಾಯಿಗೆ ಹೇಳಿಕೊಡುವವರು ಯಾರು? ಕಾಗದದಲ್ಲಿ ಎರಡು ಗಂಟೆ, ಹಳ್ಳಿಯಲ್ಲಿ ಎರಡು ತಿಂಗಳು.

ಆದುದರಿಂದ ಸರ್ಕಾರದ ಮುಂದೆ ನಮ್ಮ ಬೇಡಿಕೆಗಳು ಸ್ಪಷ್ಟವಾಗಿವೆ. ಮೊದಲನೆಯದಾಗಿ, ಇಂಥ ದೂರುಗಳನ್ನು ನಂಜನಗೂಡು, ತಿ. ನರಸೀಪುರ, ಬನ್ನೂರು ಮುಂತಾದ ಠಾಣೆಗಳಲ್ಲಿಯೇ ಸ್ವೀಕರಿಸಬೇಕು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳ ತನಿಖೆಯನ್ನು ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಮಾಡಬೇಕೆಂಬುದು ನಿಜ. ಅದು ತನಿಖೆಯ ಮಾತು, ದೂರು ಬರೆದುಕೊಳ್ಳಲು ಅಡ್ಡಿಯಲ್ಲ. ಯಾವ ಠಾಣೆಯಾದರೂ ದೂರು ದಾಖಲಿಸಲೇಬೇಕೆಂದು 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. "ಮೈಸೂರಿಗೆ ಹೋಗಿ" ಎಂದು ಬಡವರನ್ನು ಅಟ್ಟುವುದು ಕೂಡದು. ಎರಡನೆಯದಾಗಿ, ಇಂಥ ದೂರನ್ನು ಮಹಿಳಾ ಸಿಬ್ಬಂದಿಯೇ ಕೇಳಬೇಕು. ಮೂರನೆಯದಾಗಿ, ಪ್ರೌಢಶಾಲೆ ಮತ್ತು ಪಿ.ಯು. ಕಾಲೇಜುಗಳಲ್ಲಿ ಸುಳ್ಳು ಚಿತ್ರವನ್ನು ಗುರುತಿಸುವ ಪಾಠ ನಡೆಯಬೇಕು. ಗಂಡುಮಕ್ಕಳಿಗೆ ಇನ್ನೊಂದು ಪಾಠವೂ ಬೇಕು: ಅಂಥ ಚಿತ್ರ ಮಾಡುವುದು ತಮಾಷೆಯಲ್ಲ, ಜೈಲಿಗೆ ಹೋಗುವ ಅಪರಾಧ. ನಾಲ್ಕನೆಯದಾಗಿ, ವಂಚಕರ ಜಾಹೀರಾತಿನಿಂದ ಹಣ ಗಳಿಸಿದ ಕಂಪನಿಯೇ ವಂಚಿತರ ನಷ್ಟವನ್ನು ತುಂಬಿಕೊಡುವ ಕಾನೂನು ಬರಬೇಕು. ತನ್ನ ಮುಖ, ದನಿಗಳ ಮೇಲೆ ಮನುಷ್ಯನಿಗೇ ಹಕ್ಕು ಕೊಡುವ ಕಾನೂನಿನ ಪ್ರಸ್ತಾಪವನ್ನು 2025ರಲ್ಲಿ ಡೆನ್ಮಾರ್ಕ್ ಸರ್ಕಾರ ಮುಂದಿಟ್ಟಿತು. ನಮ್ಮ ಪಾರ್ಲಿಮೆಂಟಿಗೆ ಆ ಯೋಚನೆ ಏಕೆ ಬರಬಾರದು?

ಆದರೆ ಒಂದು ಎಚ್ಚರಿಕೆ. ಸುಳ್ಳನ್ನು ತಡೆಯುವ ಹೆಸರಿನಲ್ಲಿ ನಿಜವನ್ನು ಹೇಳುವವರ ಬಾಯಿ ಕಟ್ಟುವ ಕಾನೂನನ್ನು ನಾವು ಒಪ್ಪುವುದಿಲ್ಲ. 2025ರಲ್ಲಿ ಸುಳ್ಳುಸುದ್ದಿ ನಿಷೇಧಕ್ಕೆಂದು ರಾಜ್ಯ ಸರ್ಕಾರದ ಕರಡು ಮಸೂದೆ ಹೊರಬಿದ್ದಾಗ, ಯಾವುದು ಸುಳ್ಳೆಂದು ಅಧಿಕಾರದಲ್ಲಿರುವವರೇ ತೀರ್ಮಾನಿಸುವುದಾದರೆ ಗತಿಯೇನೆಂಬ ಆಕ್ಷೇಪಣೆ ಎದ್ದಿತು. ಅದು ನ್ಯಾಯವಾದ ಆಕ್ಷೇಪಣೆ. ಹಿಂದಿನ 66ಎ ಕಲಮನ್ನು ಸುಪ್ರೀಂ ಕೋರ್ಟು 2015ರಲ್ಲಿ ರದ್ದುಮಾಡಿದ್ದೂ ಇಂಥ ಕಾರಣಕ್ಕೇ. 1975ರ ತುರ್ತುಪರಿಸ್ಥಿತಿಯಲ್ಲಿ ಜೈಲು ಕಂಡ ಸಮಾಜವಾದಿಗಳಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಕಾನೂನು ಹಿಡಿಯಬೇಕಾದ್ದು ಕದ್ದ ಮುಖವನ್ನು, ಕದ್ದ ದನಿಯನ್ನು, ಅದರಿಂದ ಬಂದ ಲಾಭವನ್ನು. ಸರ್ಕಾರವನ್ನು ಟೀಕಿಸುವ ನಾಲಗೆಯನ್ನಲ್ಲ.

ಹೆಬ್ಬೆಟ್ಟಿನ ಮೋಸಕ್ಕೆ ಹಿಂದಿನವರು ಕಂಡುಕೊಂಡ ಉತ್ತರ ಅಕ್ಷರ. 1940ರ ದಶಕದಲ್ಲಿ ಮೈಸೂರಿನಲ್ಲಿ ವಯಸ್ಕರ ಶಿಕ್ಷಣದ ಸಮಿತಿ ಹುಟ್ಟಿತು, ಹಳ್ಳಿಗಳಲ್ಲಿ ರಾತ್ರಿಶಾಲೆಗಳು ನಡೆದವು. ಡೆನ್ಮಾರ್ಕಿನ ಜನತಾ ಶಾಲೆಗಳ ಮಾದರಿಯ ವಿದ್ಯಾಪೀಠ ನಮ್ಮ ನಂಜನಗೂಡಿನಲ್ಲಿಯೇ ತಲೆಯೆತ್ತಿತು. ಲಾಟೀನಿನ ಬೆಳಕಿನಲ್ಲಿ ತಮ್ಮ ಹೆಸರು ಬರೆಯಲು ಕಲಿತ ರೈತರು ಮರುವರ್ಷ ಸಾಹುಕಾರನ ಕಾಗದವನ್ನು ಓದಿ ನೋಡಿ ತಿರುಗಿಸಿ ಕೊಟ್ಟರು. ಹೊಸ ಹೆಬ್ಬೆಟ್ಟಿಗೆ ಹೊಸ ರಾತ್ರಿಶಾಲೆ ಬೇಕು. ಬರುವ ತಿಂಗಳಿಂದ ಎರಡೂ ತಾಲ್ಲೂಕುಗಳ ಹೋಬಳಿ ಕೇಂದ್ರಗಳಲ್ಲಿ ವಾರಕ್ಕೊಂದು ಸಂಜೆ ನಮ್ಮ ಕಾರ್ಯಕರ್ತರು ಕೂರುತ್ತಾರೆ. ದೂರು ಬರೆಯುವುದು, 1930ಕ್ಕೆ ಕರೆ ಮಾಡುವುದು, ಸುಳ್ಳು ದನಿಯನ್ನು ಪರೀಕ್ಷಿಸುವುದು ಇವನ್ನು ಹೇಳಿಕೊಡುತ್ತಾರೆ. ಇದಕ್ಕೆ ಶುಲ್ಕವಿಲ್ಲ, ಪಕ್ಷಭೇದವಿಲ್ಲ. ಉಪಾಧ್ಯಾಯ ಮಿತ್ರರು, ಕಾಲೇಜಿನ ಹುಡುಗರು, ಸ್ತ್ರೀಶಕ್ತಿ ಸಂಘದ ತಾಯಂದಿರು ಕೈಜೋಡಿಸಬೇಕೆಂದು ಕೋರುತ್ತೇವೆ.

ಆ ತಾಯಿಯ ಪ್ರಶ್ನೆಗೆ ಉತ್ತರವಿಷ್ಟು. ಅಮ್ಮಾ, ನಿಮ್ಮ ಮಗಳು ಏನೂ ತಪ್ಪು ಮಾಡಲಿಲ್ಲ. ತಪ್ಪು ಕದ್ದವನದು, ಯಂತ್ರವನ್ನು ಬೇಲಿಯಿಲ್ಲದೆ ಬಿಟ್ಟ ಒಡೆಯರದು, ಸ್ವಲ್ಪಮಟ್ಟಿಗೆ ನಮ್ಮೆಲ್ಲರದು. ದೂರು ದಾಖಲಾಗಿದೆ. ನಮ್ಮ ಮಹಿಳಾ ಕಾರ್ಯಕರ್ತರು ಎರಡು ಸಲ ಆ ಮನೆಗೆ ಹೋಗಿ ತಂದೆಯೊಡನೆ ಮಾತಾಡಿದ್ದಾರೆ. ಮೊದಲ ಸಲ ಆತ ಮುಖ ತಿರುಗಿಸಿದರು. ಎರಡನೆಯ ಸಲ "ನೋಡೋಣ" ಎಂದರು. ಪರೀಕ್ಷೆಯ ಶುಲ್ಕ ಕಟ್ಟಲು ಇನ್ನು ಕೆಲವೇ ದಿನಗಳಿವೆ. ಆ ಊರಿನ ಯಜಮಾನರಲ್ಲಿ ನಮ್ಮದೊಂದೇ ವಿನಂತಿ: ಆ ಹುಡುಗಿ ಪುಸ್ತಕದ ಚೀಲ ಹಿಡಿದು ಮತ್ತೆ ಬಸ್ ಸ್ಟಾಂಡಿಗೆ ಬಂದ ದಿನ ಯಾರೂ ಪಿಸುಗುಟ್ಟಬೇಡಿ. "ಬಾ ಮಗ, ಬಸ್ಸು ಬಂತು" ಎನ್ನಿ. ಕಳ್ಳನು ಸೋಲುವುದು ಅಲ್ಲಿಯೇ.